ಮಗಳು ಫಿಲಾಸಫಿ ಓದುತ್ತೇನೆ ಎನ್ನುತ್ತಾಳೆ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರು. ಇರುವುದು ಸ್ವಲ್ಪ ಅಡಕೆ ತೋಟ. ಮಗಳು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಟೂ ಹ್ಯುಮ್ಯಾನಿಟೀಸ್ ಮುಗಿಸಿದ್ದಾಳೆ. ಮಾರ್ಕು ಚೆನ್ನಾಗಿ ಬಂದಿದೆ. ಬಿ.ಕಾಂ. ಮಾಡಲಿ, ಇಲ್ಲವಾದರೆ ಇಂಗ್ಲಿಷ್ ಬಿ.ಎ. ಮಾಡಿ ಬಿ.ಎಡ್. ಮುಗಿಸಲಿ ಎಂದು ಅವಳ ಅಪ್ಪನ ಆಸೆ. ಅವಳು ಫಿಲಾಸಫಿಯೇ ಮೇಜರ್ ಆಗಬೇಕೆಂದು ಹಟ ಹಿಡಿದು ಕೂತಿದ್ದಾಳೆ. ಈ ವಯಸ್ಸಿಗೆ ವೇದಾಂತ ಓದಿ ಏನಾಗಬೇಕು ಎಂದು ಮನೆಯಲ್ಲಿ ದಿನಾ ಮಾತು. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಮುಂದೆ ಕೆಲಸ ಸಿಗುತ್ತದೆಯೇ? ಕನ್ನಡದಲ್ಲಿ ಓದಿದವಳಿಗೆ ಆದೀತೇ? ದೇವರ ಮೇಲಿನ ನಂಬಿಕೆ ಹೋಗಿಬಿಡುತ್ತದೆಯೇ? ದಯವಿಟ್ಟು ತಿಳಿಸಿ.

ಉತ್ತರ: ನಮ್ಮ ಕಡೆಯವರೇ ಆದ್ದರಿಂದ ಅಕ್ಕ ಎಂದೇ ಕರೆಯುತ್ತೇನೆ. ಅಕ್ಕಾ, ಕಳಿಸಿ. ಆದರೆ ಕಳಿಸುವ ಮೊದಲು ಅವಳಿಗೆ ಈ ವಿಷಯದ ಕೆಲಸ ಇಷ್ಟವೋ, ಬರೀ ಹೆಸರು ಇಷ್ಟವೋ ಎಂದು ನೋಡಿಕೊಳ್ಳಿ. ಅದನ್ನು ಮನೆಯಲ್ಲೇ ನೋಡುವ ದಾರಿ ಇದೆ, ಕೊನೆಗೆ ಹೇಳುತ್ತೇನೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಈ ಪಾಠ ಹೇಳಿದವನು. ನಾನೂ ಗಡಿಯ ಕನ್ನಡ ಶಾಲೆಯಿಂದಲೇ ಹೋದವನು. ನಿಮ್ಮ ಮನೆಯಲ್ಲಿ ಈಗ ಆಗುತ್ತಿರುವ ಮಾತು ನಮ್ಮ ಮನೆಯ ಚಾವಡಿಯಲ್ಲೂ ಆಗಿತ್ತು.

ವೇದಾಂತ ಅಲ್ಲಿ ಇದೆ, ಆದರೆ ಅದು ಒಂದು ಭಾಗ ಮಾತ್ರ. ಚಾರ್ವಾಕ, ಬೌದ್ಧ, ಜೈನ, ನ್ಯಾಯ, ವೈಶೇಷಿಕ, ಸಾಂಖ್ಯ, ಯೋಗ, ಮೀಮಾಂಸೆಗಳೂ ಇವೆ. ಗ್ರೀಕರಿಂದ ಹಿಡಿದು ಡೆಕಾರ್ಟ್, ಹ್ಯೂಮ್, ಕಾಂಟ್‌ವರೆಗೆ ಪಶ್ಚಿಮದವರು ಇದ್ದಾರೆ. ತರ್ಕಶಾಸ್ತ್ರ ಇದೆ; ಅದರಲ್ಲಿ ಅರ್ಧ ಗಣಿತದ ಹಾಗೆ ಚಿಹ್ನೆ ಹಾಕಿ ಬಿಡಿಸುವಂಥದ್ದು. ನೀತಿಶಾಸ್ತ್ರ, ವಿಜ್ಞಾನದ ತತ್ತ್ವ, ಮನಸ್ಸು ಎಂದರೇನು ಎಂಬ ಚರ್ಚೆ, ಈಗೀಗ ವೈದ್ಯಕೀಯ ನೀತಿ, ಯಂತ್ರಬುದ್ಧಿಯ ನೀತಿ ಕೂಡ ಸೇರಿವೆ. ಪ್ರವಚನ ಕೇಳಿ ತಲೆದೂಗುವ ತರಗತಿ ಇದಲ್ಲ. ಯಾರು ಏನು ಹೇಳಿದರೂ ‘ಯಾಕೆ?’ ಎಂದು ಕೇಳಿ, ಉತ್ತರದಲ್ಲಿ ತೂತು ಇದೆಯೇ ಎಂದು ನೋಡುವುದೇ ಅಲ್ಲಿನ ದಿನಚರಿ.

ಒಂದು ಪಾಠವನ್ನು ನಿಮ್ಮ ಅಡುಗೆಮನೆಗೇ ತರುತ್ತೇನೆ. ನಮ್ಮ ಹಳೆಯ ತರ್ಕದ ಶಾಖೆಯಾದ ನ್ಯಾಯದರ್ಶನದ ಪ್ರಸಿದ್ಧ ಉದಾಹರಣೆ ಬೆಟ್ಟದ ಮೇಲಿನ ಬೆಂಕಿ. ಐದು ಹೆಜ್ಜೆಯಲ್ಲಿ ಹೇಳುತ್ತಾರೆ. ಬೆಟ್ಟದಲ್ಲಿ ಬೆಂಕಿ ಇದೆ: ಇದು ಪ್ರತಿಜ್ಞೆ. ಏಕೆಂದರೆ ಹೊಗೆ ಕಾಣುತ್ತಿದೆ: ಇದು ಹೇತು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯ ಒಲೆಯ ಹಾಗೆ: ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ: ಉಪನಯ. ಆದ್ದರಿಂದ ಬೆಂಕಿ ಇದೆ: ನಿಗಮನ. ಇಷ್ಟನ್ನು ಬಾಯಿಪಾಠ ಮಾಡಿ ಬರೆದರೆ ಪಾಸಾಗಬಹುದು. ಪಾಠ ಶುರುವಾಗುವುದು ಇದನ್ನು ತಿರುಗಿಸಿ ಕೇಳಿದಾಗ. ಹೊಗೆ ಇದ್ದಲ್ಲಿ ಬೆಂಕಿ ಸರಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆಯೇ? ಒಲೆಗೆ ಚೆನ್ನಾಗಿ ಒಣಗಿದ ತೆಂಗಿನ ಗೆರಟೆ ಹಾಕಿ ನೋಡಿ. ಕೆಂಡ ನಿಗಿನಿಗಿ ಇರುತ್ತದೆ, ಹೊಗೆಯ ಸುಳಿವಿಲ್ಲ. ಆಟಿ ತಿಂಗಳ ಮಳೆಯಲ್ಲಿ ಹಸಿ ಸೌದೆ ತುರುಕಿದರೆ ಕಣ್ಣು ಬಿಡಲಾಗದು. ಹಾಗಾದರೆ ಬೆಂಕಿಯಿಂದ ಹೊಗೆಯನ್ನು ಊಹಿಸಲು ನಡುವೆ ‘ಹಸಿ ಸೌದೆ’ ಎಂಬ ಇನ್ನೊಂದು ಸಂಗತಿ ಬೇಕು. ಹೀಗೆ ಮರೆಯಲ್ಲಿ ನಿಂತು ಊಹೆಯನ್ನು ಕೆಡಿಸುವ ಸಂಗತಿಗೆ ನೈಯಾಯಿಕರು, ಎಂದರೆ ನ್ಯಾಯದರ್ಶನದವರು, ‘ಉಪಾಧಿ’ ಎಂದು ಹೆಸರಿಟ್ಟರು.

ಇದರ ಉಪಯೋಗ ತೋಟದಲ್ಲೇ ಇದೆ. ಹೊಸದೊಂದು ಮದ್ದು ಬಿಟ್ಟ ವರ್ಷ ಕೊಳೆರೋಗ ಬರಲಿಲ್ಲ, ಆದ್ದರಿಂದ ಮದ್ದು ಒಳ್ಳೆಯದು ಎನ್ನುತ್ತೇವೆ. ಆ ವರ್ಷ ಮಳೆಯೇ ಕಡಿಮೆ ಇದ್ದಿದ್ದರೆ? ಮಳೆ ಇಲ್ಲಿ ಹಸಿ ಸೌದೆಯ ಜಾಗದಲ್ಲಿ ಕೂತಿದೆ. ನಿಮ್ಮ ಮಗಳು ಮೊದಲ ವರ್ಷ ಮುಗಿಸಿ ಬಂದು ಅಪ್ಪನಲ್ಲಿ ಈ ಪ್ರಶ್ನೆ ಕೇಳಿದರೆ ಅವಳಿಗೆ ಪಾಠ ಹತ್ತಿದೆ ಎಂದು ತಿಳಿಯಿರಿ. ಅಪ್ಪನಿಗೆ ಸ್ವಲ್ಪ ಸಿಟ್ಟು ಬಂದೀತು, ಅದೂ ಸಹಜ.

ಈಗ ಅವಳು ಕನ್ನಡದಲ್ಲಿ ಓದಿದವಳು ಎಂಬ ಚಿಂತೆ. ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿ, ತರಗತಿಯೂ ಇಂಗ್ಲಿಷಿನಲ್ಲಿ, ನಡುನಡುವೆ ಮಲಯಾಳ. ಮೊದಲ ಎರಡು ಸೆಮಿಸ್ಟರ್ ಕಷ್ಟ ಪಡುತ್ತಾಳೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುವ ದಿನಗಳು ಬರುತ್ತವೆ. ಆದರೆ ಈ ವಿಷಯದಲ್ಲಿ ಎಲ್ಲರೂ ನಿಧಾನವಾಗಿಯೇ ಓದಬೇಕು, ಇಂಗ್ಲಿಷ್ ಮಾಧ್ಯಮದ ಮಕ್ಕಳು ಕೂಡ. ವೇಗವಾಗಿ ಓದಿದವರಿಗೆ ಓದಿದ ಹಾಗೆ ಅನಿಸುತ್ತದೆ, ಅಷ್ಟೆ. ಭಾರತೀಯ ದರ್ಶನದ ಪತ್ರಿಕೆಗೆ ಬಂದರೆ ಅವಳು ಉಳಿದವರಿಗಿಂತ ಮುಂದೆ ಇರುತ್ತಾಳೆ. ಪ್ರಮಾಣ, ಪ್ರತ್ಯಕ್ಷ, ಕಾರಣ, ಕಾರ್ಯ, ಅಭಾವ ಎಲ್ಲ ನಾವು ಆಡುವ ಮಾತುಗಳೇ. ಆಡುವ ಮಾತಾಗಿರುವುದರಿಂದ ಎಡವುವುದೂ ಇದೆ. ಮನೆಯಲ್ಲಿ ‘ನನಗೆ ಅನುಮಾನ’ ಎಂದರೆ ಸಂಶಯ. ಶಾಸ್ತ್ರದಲ್ಲಿ ‘ಅನುಮಾನ’ ಎಂದರೆ ಸಂಶಯ ಹರಿಸುವ ಊಹೆ, ಹೊಗೆಯಿಂದ ಬೆಂಕಿಯನ್ನು ತಿಳಿಯುವಂಥದ್ದು. ಹೆಚ್ಚುಕಡಿಮೆ ಎದುರುಬದುರು ಅರ್ಥ. ‘ಪಕ್ಷ’ ಎಂದರೆ ಚುನಾವಣೆಗೆ ನಿಲ್ಲುವ ಪಕ್ಷ ಅಲ್ಲ. ಯಾವುದರ ಬಗ್ಗೆ ಸಾಧಿಸಲು ಹೊರಟಿದ್ದೇವೋ ಅದು, ಇಲ್ಲಿ ಆ ಬೆಟ್ಟ. ಇಂಥ ಪದಗಳಿಗೆ ಒಂದು ನೋಟ್‌ಬುಕ್ ಇಟ್ಟು ಎಡಗಡೆ ಆಡುಮಾತಿನ ಅರ್ಥ, ಬಲಗಡೆ ಶಾಸ್ತ್ರದ ಅರ್ಥ ಬರೆದುಕೊಳ್ಳಲಿ. ನಾನು ಹಾಗೆ ಮಾಡಿದ್ದ ಪುಸ್ತಕ ಇನ್ನೂ ನನ್ನ ಬಳಿ ಇದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳ ರೂಪರೇಖೆಯನ್ನು ಇಂಗ್ಲಿಷಿನಲ್ಲಿ 1932ರಲ್ಲಿ ಪ್ರಕಟಿಸಿದರು. ಇಂದಿಗೂ ವಿದ್ಯಾರ್ಥಿಗಳು ಅದನ್ನೇ ಹುಡುಕುತ್ತಾರೆ. ಅಷ್ಟು ಚೊಕ್ಕ ಇಂಗ್ಲಿಷನ್ನು ದಿನಕ್ಕೆ ಎರಡು ಪುಟ ಓದಿದರೆ ದರ್ಶನವೂ ಬರುತ್ತದೆ, ಭಾಷೆಯೂ ಬರುತ್ತದೆ.

ಕನ್ನಡದ ಜೊತೆಗೆ ಅವಳಿಗೆ ಇನ್ನೊಂದು ಬಲ ಇದೆ, ಅದು ನಮ್ಮ ಊರಿನದು. ತಾಳಮದ್ದಳೆ, ಎಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವಳಾದರೆ ವಾದ ಎಂದರೇನೆಂದು ಅವಳ ಕಿವಿಗೆ ಗೊತ್ತು. ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ತಿಂದು ಬಿದ್ದ ವಾಲಿ ಕೇಳುತ್ತಾನೆ: ನಾನು ನಿನಗೆ ಏನು ಕೆಡುಕು ಮಾಡಿದ್ದೆ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನನ್ನು ಮರೆಯಿಂದ ಹೊಡೆಯುವುದು ಯಾವ ಧರ್ಮ? ರಾಮ ಎರಡು ಉತ್ತರ ಕೊಡುತ್ತಾನೆ. ಒಂದು, ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ಇದು ರಾಜದಂಡನೆ. ಇನ್ನೊಂದು, ನೀನು ಮೃಗ, ಬೇಟೆಯಲ್ಲಿ ಮರೆಯಿಂದ ಹೊಡೆಯುವುದು ತಪ್ಪಲ್ಲ.

ನಾನು ಮೊದಲ ವರ್ಷದವರಿಗೆ ಈ ಎರಡು ಉತ್ತರವನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಸುಮ್ಮನೆ ಕೂರುತ್ತಿದ್ದೆ. ಹತ್ತು ನಿಮಿಷದೊಳಗೆ ಯಾರಾದರೂ ಎದ್ದು ನಿಲ್ಲುತ್ತಿದ್ದರು. ಸಾರ್, ವಾಲಿ ಮೃಗವಾದರೆ ಅವನಿಗೆ ಅತ್ತಿಗೆ ನಾದಿನಿಯರ ಧರ್ಮ ಎಲ್ಲಿಂದ ಬಂತು, ಯಾವ ತಪ್ಪಿಗೆ ದಂಡನೆ? ಧರ್ಮಕ್ಕೆ ಒಳಪಟ್ಟವನಾದರೆ ಅವನನ್ನು ಮೃಗದ ಹಾಗೆ ಬೇಟೆಯಾಡಬಹುದೇ? ಅತ್ತ ದರಿ, ಇತ್ತ ಪುಲಿ. ತರಗತಿ ಅಲ್ಲಿಗೆ ನಿಂತರೆ ಅದು ಬರೀ ಚಪ್ಪಾಳೆಯ ಪಾಠ. ಆ ಪ್ರಶ್ನೆ ಎತ್ತಿದವನಿಗೇ ನಾನು ಹೇಳುತ್ತಿದ್ದೆ: ಈಗ ನೀನೇ ರಾಮನ ಪರ ನಿಲ್ಲು, ಅವನಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಕಟ್ಟಿಕೊಡು. ಆಗ ನಿಜವಾದ ಒದ್ದಾಟ. ಒಂದು ವರ್ಷ ಒಬ್ಬ ಹುಡುಗಿ ಹೀಗೆ ಕಟ್ಟಿದಳು: ದಂಡನೆ ಎಂದರೆ ಕಾಳಗ ಅಲ್ಲ, ದಂಡಿಸುವವನು ಅಪರಾಧಿಯ ಎದುರು ನಿಂತು ಸಮಬಲದಲ್ಲಿ ಹೋರಾಡಬೇಕೆಂದು ಯಾವ ರಾಜನೀತಿಯೂ ಕೇಳುವುದಿಲ್ಲ, ಆದ್ದರಿಂದ ಮೃಗದ ಮಾತನ್ನು ರಾಮ ಎತ್ತಲೇಬೇಕಾಗಿರಲಿಲ್ಲ, ಮೊದಲ ಉತ್ತರವೊಂದೇ ಸಾಕಿತ್ತು. ಹಿಂದಿನ ಬೆಂಚಿನಿಂದ ಇನ್ನೊಬ್ಬಳು: ದಂಡನೆಯಾದರೆ ಮೊದಲು ಅವನ ಮಾತು ಕೇಳಬೇಕಿತ್ತಲ್ಲ, ಬಾಣ ಬಿಟ್ಟ ಮೇಲೆ ವಿಚಾರಣೆಯೇ? ಗಂಟೆ ಹೊಡೆದದ್ದು ಆ ದಿನ ಯಾರಿಗೂ ಕೇಳಿಸಲಿಲ್ಲ.

ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಉತ್ತರ ಕೊಡುವುದು: ಅಕ್ಕಾ, ಈ ವರ್ಷಗಳಲ್ಲಿ ಕಲಿಯಬೇಕಾದದ್ದು ಒಂದೇ ಇದ್ದರೆ ಇದು. ಹೀಗೆ ಮೊದಲು ಹೇಳುವ ಎದುರಾಳಿಯ ಮಾತನ್ನು ನಮ್ಮ ಶಾಸ್ತ್ರಕಾರರು ಪೂರ್ವಪಕ್ಷ ಎಂದು, ಆಮೇಲಿನ ಉತ್ತರವನ್ನು ಸಿದ್ಧಾಂತ ಎಂದು ಕರೆದರು. ಗೌತಮರ ನ್ಯಾಯಸೂತ್ರ ಮಾತಿನ ಹೋರಾಟವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದೇನೂ ಇಲ್ಲದೆ ಇನ್ನೊಬ್ಬರದನ್ನು ಒಡೆಯುವುದು ವಿತಂಡ. ಮೂರನೆಯದರ ಹೆಸರು ನಮ್ಮ ಬಾಯಲ್ಲಿ ಬೈಗುಳವಾಗಿ ಉಳಿದಿದೆ. ತಾಳಮದ್ದಳೆಯಲ್ಲಿ ನಾವು ಕೇಳಿ ಸುಖಪಡುವುದು ಹೆಚ್ಚಾಗಿ ಜಲ್ಪ. ಅದು ಕಲೆ, ಅಲ್ಲಿ ಹಾಗೇ ಇರಬೇಕು. ನನಗೆ ವಾದ, ಜಲ್ಪ ಎರಡರ ವ್ಯತ್ಯಾಸ ತಿಳಿಯಲು ಒಂದು ಪರೀಕ್ಷೆ ಬೇಕಾಯಿತು. ಮಾಯಾವಾದದ ಮೇಲೆ ಆರು ಪುಟ ಬರೆದಿದ್ದೆ, ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಯ ಧಾಟಿಯಲ್ಲಿ, ಉಪಮೆಯ ಮೇಲೆ ಉಪಮೆ. ಪೇಪರು ತಿದ್ದಿದ ಗುರುಗಳು ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಒಪ್ಪದವನು ಏನೆನ್ನುತ್ತಾನೆ?’ ನನ್ನ ಆರು ಪುಟದಲ್ಲಿ ಅವನಿಗೆ ಒಂದು ಸಾಲು ಜಾಗ ಇರಲಿಲ್ಲ.

ಈ ವಿದ್ಯೆ ಎಲ್ಲೋ ದೂರದ್ದು ಎಂದು ಮನೆಯವರು ಭಾವಿಸುವುದು ಬೇಡ. ಕಾಸರಗೋಡು ಪೇಟೆಯ ಪಕ್ಕದ ಕೂಡ್ಲಿನ ವಿಷ್ಣುಮಂಗಲ ದೇವಸ್ಥಾನದಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತರಿಗೂ ವಾದ ನಡೆಯಿತು. ಕುಂಬಳೆಯ ಜಯಸಿಂಹ ರಾಜನ ಕಾಲ. ಹದಿನೈದು ದಿನ ನಡೆಯಿತೆಂದು ಸಂಪ್ರದಾಯ ಹೇಳುತ್ತದೆ. ಅದ್ವೈತಿಯಾಗಿದ್ದ ತ್ರಿವಿಕ್ರಮರು ಕೊನೆಗೆ ಮಧ್ವರ ಮತವನ್ನು ಒಪ್ಪಿದರು, ಮಧ್ವರ ಬ್ರಹ್ಮಸೂತ್ರ ಭಾಷ್ಯಕ್ಕೆ ‘ತತ್ತ್ವಪ್ರದೀಪ’ ಎಂಬ ವ್ಯಾಖ್ಯಾನವನ್ನೂ ಬರೆದರು. ಒಬ್ಬ ಪಂಡಿತ ದಿನಗಟ್ಟಲೆ ಕೇಳಿ, ಉತ್ತರಿಸಿ, ಬದಲಾಗುವುದು ನಮ್ಮ ಮಣ್ಣಿನಲ್ಲಿ ನಡೆದ ಸಂಗತಿ.

ಎಡನೀರನ್ನು ನೀವು ಬಲ್ಲಿರಿ. ಅಲ್ಲಿನ ಮಠಾಧೀಶರಾಗಿದ್ದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣೆಗೆ ಸಂಬಂಧಿಸಿ ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನಲ್ಲಿ 13 ನ್ಯಾಯಾಧೀಶರು ಕೇಳಿದರು. 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಇದರ ಒಳಗೆ ಎರಡು ಸಾವಿರ ವರ್ಷದ ಒಂದು ತತ್ತ್ವಪ್ರಶ್ನೆ ಕೂತಿದೆ. ಹಳೆ ಮನೆಯ ಹಂಚು ಬದಲಿಸುತ್ತೀರಿ, ಪಕಾಸು ಬದಲಿಸುತ್ತೀರಿ, ಗೋಡೆ ಬದಲಿಸುತ್ತೀರಿ. ಎಷ್ಟು ಬದಲಿಸುವವರೆಗೆ ಅದು ಅಜ್ಜ ಕಟ್ಟಿಸಿದ ಮನೆ? ಯಾವುದನ್ನು ಕಿತ್ತರೆ ಬೇರೆ ಮನೆ? ಗ್ರೀಕರು ಇದನ್ನೇ ಹಲಗೆ ಹಲಗೆಯಾಗಿ ಬದಲಿಸಿದ ಹಡಗಿನ ಬಗ್ಗೆ ಕೇಳಿದರು. ‘ತಿದ್ದುಪಡಿ’ ಎಂಬ ಶಬ್ದದಲ್ಲೇ ಮೂಲದ್ದೇನೋ ಉಳಿಯಬೇಕೆಂಬ ಅರ್ಥ ಇದೆಯೇ ಎಂದು ಕೇಳುವ ಕೆಲಸ ವಕೀಲರದ್ದೂ ಹೌದು, ಫಿಲಾಸಫಿಯವರದ್ದೂ ಹೌದು.

ನಮ್ಮ ಊರಿನ ಮೂರನೆಯ ಉದಾಹರಣೆ ಹೇಳಲು ಮನಸ್ಸು ಭಾರವಾಗುತ್ತದೆ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಆಮೇಲೆ ಕಾಯಿಲೆ ಬಿದ್ದ ಮಕ್ಕಳ ಸ್ಥಿತಿ ನೋಡಿದವರು ಕೇಳಿದಾಗ ಎದ್ದ ಮೊದಲ ಮಾತು ‘ಇದರಿಂದಲೇ ಆಯಿತೆಂದು ಏನು ಪ್ರಮಾಣ?’ ಎಂಬುದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆಯಿತು. ಒಂದು ಕಾರಣಕ್ಕೆ ಎಷ್ಟು ಪ್ರಮಾಣ ಸಾಕು, ಸಾಧಿಸುವ ಭಾರ ವಿಷ ಸುರಿದವರ ಮೇಲೋ ಕಾಯಿಲೆ ಬಿದ್ದವರ ಮೇಲೋ, ಖಚಿತವಾಗುವವರೆಗೆ ಕಾಯುವುದು ನ್ಯಾಯವೇ? ಇವು ನಮ್ಮ ನೆರೆಹೊರೆಯ ಮನೆಗಳ ಪ್ರಶ್ನೆಗಳು. ಇವನ್ನು ಸ್ಪಷ್ಟವಾಗಿ ಕೇಳಬಲ್ಲವರು ನಮ್ಮ ಜಿಲ್ಲೆಗೆ ಬೇಕು ಎಂದು ನಾನು ಬಹಳ ವರ್ಷದಿಂದ ಅಂದುಕೊಂಡಿದ್ದೇನೆ. ನಿಮ್ಮ ಮಗಳನ್ನು ಕಳಿಸಿ ಎನ್ನುವಾಗ ನನ್ನ ಮನಸ್ಸಿನಲ್ಲಿ ಇದೂ ಇದೆ.

ನಂಬಿಕೆಯ ವಿಷಯ. ಅವಳು ಪ್ರಶ್ನೆ ಕೇಳುತ್ತಾಳೆ, ಬಹುಶಃ ನವರಾತ್ರಿಯ ರಜೆಗೆ ಬಂದಾಗ ನಿಮ್ಮನ್ನೇ ಕೇಳುತ್ತಾಳೆ. ಬೈಯಬೇಡಿ. ಯಜ್ಞಯಾಗಗಳನ್ನು ಅಷ್ಟು ಶ್ರದ್ಧೆಯಿಂದ ಸಮರ್ಥಿಸಿದ ಮೀಮಾಂಸಕರು ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪಲಿಲ್ಲ. ಈಶ್ವರನಿದ್ದಾನೆಂದು ತರ್ಕದಿಂದಲೇ ಸಾಧಿಸಲು ಉದಯನಾಚಾರ್ಯರು ಒಂದು ಗ್ರಂಥವನ್ನೇ ಬರೆದರು. ಎರಡು ಕಡೆಯವರೂ ನಮ್ಮವರೇ. ನನ್ನ ವಿದ್ಯಾರ್ಥಿಗಳಲ್ಲಿ ನಂಬಿಕೆ ಬಿಟ್ಟವರಿದ್ದಾರೆ, ನಂಬಿಕೆ ಗಟ್ಟಿಯಾದವರೂ ಇದ್ದಾರೆ. ಯಾವುದು ಆದರೂ ಯಾಕೆ ಎಂದು ಅವರು ಹೇಳಬಲ್ಲರು.

ಕೆಲಸದ ಮಾತಿಗೆ ಬರುತ್ತೇನೆ, ಇಲ್ಲಿ ಸಿಹಿ ಲೇಪಿಸಿ ಹೇಳಿದರೆ ತಪ್ಪಾಗುತ್ತದೆ. ಬಿ.ಎ. ಮುಗಿದ ಕೂಡಲೇ ‘ಫಿಲಾಸಫಿ ಓದಿದವರು ಬೇಕು’ ಎಂದು ಯಾರೂ ಜಾಹೀರಾತು ಕೊಡುವುದಿಲ್ಲ. ಅವಳ ಅಪ್ಪನ ಬಿ.ಎಡ್. ಯೋಚನೆಗೆ ಇದು ಹೊಂದುವುದೂ ಕಷ್ಟ, ಯಾಕೆಂದರೆ ಹೈಸ್ಕೂಲಿನಲ್ಲಿ ಫಿಲಾಸಫಿ ಎಂಬ ವಿಷಯವೇ ಇಲ್ಲ. ಹೈಯರ್ ಸೆಕೆಂಡರಿಯಲ್ಲಿ ಇದೆ, ಅದಕ್ಕೆ ಎಂ.ಎ. ಮತ್ತು ಸೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ ಬೇಕು, ಹುದ್ದೆಗಳು ಕಡಿಮೆ. ಕಾಲೇಜು ಅಧ್ಯಾಪಕಿ ಆಗಬೇಕಾದರೆ ಎಂ.ಎ., ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ, ಹೆಚ್ಚಾಗಿ ಪಿಎಚ್.ಡಿ. ಕೂಡ. ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ಸಿಕ್ಕಿದರೆ ಸಂಶೋಧನೆ ಮಾಡುವಾಗ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ತೋಟ ಮಾರಬೇಕಾಗಿಲ್ಲ. ಆದರೆ ಆ ದಾರಿ ಉದ್ದ. ನೆಟ್‌ನ ಫಿಲಾಸಫಿ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ ಎಂಬುದೂ ತಲೆಯಲ್ಲಿರಲಿ.

ಪದವಿ ಯಾವುದಾದರೂ ಆಗುತ್ತದೆ ಎನ್ನುವ ಕೆಲಸಗಳಿಗೆ ಇದು ಬೇರೆ ಪದವಿಗಿಂತ ಕಡಿಮೆಯದಲ್ಲ. ಕೇರಳ ಪಿ.ಎಸ್.ಸಿ.ಯ ಪದವಿ ಮಟ್ಟದ ಹುದ್ದೆಗಳು, ಬ್ಯಾಂಕು, ನಮ್ಮ ಜಿಲ್ಲೆಯಲ್ಲಿ ಕನ್ನಡ ಮಲಯಾಳ ಎರಡೂ ಬಲ್ಲವರಿಗೆಂದೇ ಕರೆಯುವ ಹುದ್ದೆಗಳು ಇವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಫಿಲಾಸಫಿ ಐಚ್ಛಿಕ ವಿಷಯ, 500 ಅಂಕ. ಉತ್ತರವನ್ನು ಕನ್ನಡದಲ್ಲೇ ಬರೆಯಬಹುದು. 2013ರಿಂದ ನೀತಿಶಾಸ್ತ್ರಕ್ಕೆ ಎಲ್ಲರಿಗೂ 250 ಅಂಕದ ಪತ್ರಿಕೆ ಬೇರೆ ಇದೆ. ನನ್ನನ್ನು ಕೇಳಿದರೆ ಇದಕ್ಕೆ ಅತ್ಯಂತ ಚೆನ್ನಾಗಿ ಹೊಂದುವುದು ಪದವಿಯ ನಂತರದ ಮೂರು ವರ್ಷದ ಎಲ್‌ಎಲ್‌.ಬಿ. ನನ್ನ ಬಳಿ ಓದಿ ವಕೀಲರಾದವರು ಸಿಕ್ಕಾಗಲೆಲ್ಲ, ‘ಸಾರ್, ಎದುರಿನ ವಕೀಲರ ಕೇಸನ್ನು ಮೊದಲು ನಾನೇ ಬರೆದು ನೋಡುತ್ತೇನೆ’ ಎನ್ನುತ್ತಾರೆ. ಪತ್ರಿಕೆ, ಅನುವಾದ, ಪುಸ್ತಕ ಸಂಪಾದನೆಗೂ ಹೋದವರಿದ್ದಾರೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬಲ್ಲ ಗಡಿಯ ಹುಡುಗಿಗೆ ಅನುವಾದದ ಬಾಗಿಲು ದೊಡ್ಡದು.

ಎಲ್ಲಿ ಓದುವುದು? ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ತಲಶ್ಶೇರಿಯ ಸರಕಾರಿ ಬ್ರೆಣ್ಣನ್ ಕಾಲೇಜಿನಲ್ಲಿ ಫಿಲಾಸಫಿ ವಿಭಾಗ ಇದೆ. ಕಾಸರಗೋಡಿನಿಂದ ನೂರು ಕಿಲೋಮೀಟರಿಗೆ ಮೇಲೆ, ದಿನಾ ಹೋಗಿಬರುವ ಮಾತಲ್ಲ, ಹಾಸ್ಟೆಲ್ಲೇ ಸರಿ. ಅಲ್ಲಿ ಕನ್ನಡ ಭಾಷಾ ಪಾಠ ಸಿಗುತ್ತದೆಯೇ ಎಂದು ಅರ್ಜಿ ಹಾಕುವ ಮೊದಲೇ ವಿಚಾರಿಸಿ, ನಮ್ಮ ಮಕ್ಕಳು ಎಡವುವುದು ಅಲ್ಲೇ. ಎರ್ನಾಕುಳಂನ ಮಹಾರಾಜಾಸ್ ಕಾಲೇಜು ಹಳೆಯ ಹೆಸರು. ದೂರ ಕಳಿಸುವ ಧೈರ್ಯ ಇದ್ದರೆ ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಅಲ್ಲಿಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ಆ ಪರೀಕ್ಷೆ ನಡೆಯುವ 13 ಭಾಷೆಗಳಲ್ಲಿ ಕನ್ನಡವೂ ಒಂದು.

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಬರಬಹುದು, ನಾಲ್ಕನೆಯದನ್ನೂ ಮಾಡಿದರೆ ಆನರ್ಸ್. ಎರಡನೇ ಸೆಮಿಸ್ಟರ್ ಆದ ಮೇಲೆ ಸೀಟು ಇದ್ದರೆ ಮೇಜರ್ ಬದಲಿಸಿಕೊಳ್ಳಲೂ ಬರುತ್ತದೆ. ಅವಳ ಅಪ್ಪನಿಗೆ ಇದನ್ನು ಹೇಳಿ, ಅರ್ಧ ಚಿಂತೆ ಇಳಿಯುತ್ತದೆ. ಮೈನರ್, ಎಂದರೆ ಜೊತೆಯ ವಿಷಯ, ಆಗಿ ಏನು ತೆಗೆದುಕೊಳ್ಳುತ್ತಾಳೆ ಎಂಬುದೂ ಮುಖ್ಯ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕಂಪ್ಯೂಟರ್, ಇಂಗ್ಲಿಷ್ ಯಾವುದಾದರೂ ಸರಿ, ಒಂದನ್ನು ಗಟ್ಟಿಯಾಗಿ ಹಿಡಿಯಲಿ. ಫಿಲಾಸಫಿ ಒಂದನ್ನೇ ನೆಚ್ಚಿ ಕೂತವರಿಗಿಂತ ಅದರ ಜೊತೆ ಇನ್ನೊಂದು ಕೈಕಸುಬು ಇಟ್ಟುಕೊಂಡವರು ಬೇಗ ನೆಲೆ ಕಂಡದ್ದನ್ನು ನೋಡಿದ್ದೇನೆ.

ಇನ್ನು ಮನೆಯಲ್ಲೇ ನೋಡುವ ಆ ದಾರಿ. ಅವಳು ಗಟ್ಟಿಯಾಗಿ ನಂಬಿರುವ ಒಂದು ಸಂಗತಿ ಯಾವುದೆಂದು ಕೇಳಿ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಬೇಕು, ಮಾಂಸ ತಿನ್ನುವುದು ತಪ್ಪು, ಹೀಗೆ ಏನೇ ಆಗಲಿ. ಅದರ ವಿರುದ್ಧ ಎರಡು ಪುಟ ಬರೆಯಲು ಹೇಳಿ. ಅಣಕ ಬೇಡ, ನಿಜವಾಗಿ ಒಪ್ಪದಿರುವ ಒಬ್ಬ ಬುದ್ಧಿವಂತ ಓದಿ ‘ಹೌದು, ನನ್ನ ಮಾತು ಇದೇ’ ಎನ್ನುವ ಹಾಗಿರಬೇಕು. ಮೂರನೇ ಪುಟದಲ್ಲಿ ಅದಕ್ಕೆ ತನ್ನ ಉತ್ತರ. ಒಂದು ವಾರ ಕೊಡಿ. ಅರ್ಧ ಬರೆದು ಬೇಸತ್ತು ಬಿಟ್ಟರೆ ಇಂಗ್ಲಿಷ್ ಬಿ.ಎ. ಒಳ್ಳೆಯದೇ. ರಾತ್ರಿ ದೀಪ ಹಾಕಿಕೊಂಡು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದರೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬಿಸಿ. ಆ ಮೂರು ಪುಟಗಳನ್ನು ನನಗೂ ಕಳಿಸಿಕೊಡಿ. ತಿದ್ದಿ, ಕೆಂಪು ಶಾಯಿಯಲ್ಲಿ ಪ್ರಶ್ನೆ ಹಾಕಿ ಕಳಿಸುತ್ತೇನೆ.